ಯಾವುದರ ಮೇಲೆ ಶೇಕಡಾ? ಕ್ಯಾಟ್ ಗಣಿತಕ್ಕೆ ಕೂತವಳ ಅನುಭವ

ಐಐಎಂಗಳಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಎಂಬಿಎ ಸೇರಲು ಬರೆಯುವ ಕ್ಯಾಟ್ ಪರೀಕ್ಷೆಯ 2024ರ ಫಲಿತಾಂಶ ಡಿಸೆಂಬರ್ 19ಕ್ಕೆ ಬಂತು. ಅವತ್ತಿನಿಂದ ಫೋನ್ ಮಾಡಿದವರೆಲ್ಲ ಒಂದೇ ಮಾತು ಕೇಳುತ್ತಿದ್ದಾರೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಕಾಂ, ಎಂಜಿನಿಯರಿಂಗ್ ಹುಡುಗರ ಮಧ್ಯೆ ಆ ಗಣಿತದ ಭಾಗ ಹೇಗೆ ದಾಟಿದೆ ಅಂತ. ನಾನು ದಾಟಿದ್ದು ಹೆಚ್ಚಾಗಿ ಶೇಕಡಾ ಮತ್ತು ಅನುಪಾತದ ಲೆಕ್ಕಗಳ ಬಲದಿಂದ. ಜ್ಯಾಮಿತಿ, ಲಾಗರಿದಮ್ ನನ್ನ ಕೈಗೆ ಅಷ್ಟು ಹತ್ತಲಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಕ್ಯಾಟ್ ಗಣಿತದಲ್ಲಿ ಅಂಕಗಣಿತ ಮತ್ತು ಬೀಜಗಣಿತದ್ದೇ ದೊಡ್ಡ ಪಾಲು. ಅಂಕಗಣಿತ ಅಂದರೆ ಲಾಭ-ನಷ್ಟ, ಬಡ್ಡಿ, ಮಿಶ್ರಣ, ಕೆಲಸ-ಕಾಲ. ಇವೆಲ್ಲದರ ಒಳಗೂ ಕೂತಿರುವುದು ಶೇಕಡಾ ಮತ್ತು ಅನುಪಾತವೇ. ನಮ್ಮಂಥವರಿಗೆ ದಾರಿ ಇರುವುದು ಅಲ್ಲೇ. ಅದಕ್ಕೇ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಓದು ಶುರುವಾದದ್ದು ಸಂಕ್ರಾಂತಿ ಮುಗಿದ ಮೇಲೆ. ಆಗ ನಾನು ವಿಜಯಪುರದಲ್ಲಿ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ತಿರ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೆ. ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಆಫೀಸು. ವಾರದ ಕೊನೆಗೆ ನಡೆಯುವ ಒಂದು ಆನ್‌ಲೈನ್ ತರಗತಿಗೆ ಸೇರಿಕೊಂಡೆ. ಹದಿನೈದು ಸಾವಿರದ ಹತ್ತಿರ ಆಯಿತು. ಸಂಬಳದಲ್ಲಿ ಎರಡು ಕಂತು ಮಾಡಿ ಕಟ್ಟಿದೆ. ಅಲ್ಲಿ ಶೇಕಡಾ ಅಧ್ಯಾಯವನ್ನು ಒಂದೇ ದಿನದಲ್ಲಿ ಮುಗಿಸಿಬಿಟ್ಟರು. ಒಂದು ಪುಟ ತುಂಬ ಸೂತ್ರ ಕೊಟ್ಟು, ‘ಇದು ಸುಲಭ, ಮನೆಯಲ್ಲಿ ಮಾಡಿಕೊಳ್ಳಿ’ ಅಂದರು. ಎಂಜಿನಿಯರಿಂಗ್ ಓದಿದವರಿಗೆ ಅದು ಸಾಕಾಗುತ್ತದೆ. ನನಗೆ ಆ ಸೂತ್ರ ಎಲ್ಲಿಂದ ಬಂತು ಅಂತಲೇ ತಿಳಿಯಲಿಲ್ಲ. ಮನಸ್ಸಿಗೆ ತುಂಬ ಬೇಜಾರಾಯಿತು.

ಆಗ ಕೈಗೆ ಬಂದದ್ದು ತಮ್ಮನ ಹಳೆಯ 7 ಮತ್ತು 8ನೇ ತರಗತಿಯ ಗಣಿತ ಪುಸ್ತಕ. ನಿಮಗೂ ಹೇಳುತ್ತೇನೆ, ನಾಚಿಕೆ ಬೇಡ, ಅಲ್ಲಿಂದಲೇ ಹಿಡಿಯಿರಿ. ಪುಸ್ತಕ ಇಲ್ಲದಿದ್ದರೆ ಇಂಟರ್ನೆಟ್‌ನಲ್ಲಿ ಸುಮ್ನೆ ಇಳಿಸಿಕೊಳ್ಳಬಹುದು, ಪೈಸೆ ಖರ್ಚಿಲ್ಲ. ಶೇಕಡಾ ಅಂದರೆ ನೂರಕ್ಕೆ ಇಷ್ಟು ಅಂತ ಎಲ್ಲರಿಗೂ ಗೊತ್ತು. ಆದರೆ ಯಾವ ನೂರು? ಪರೀಕ್ಷೆಯವರು ಆಟ ಆಡುವುದು ಅದರ ಮೇಲೆಯೇ.

ಇದು ನನಗೆ ಚೆನ್ನಾಗಿ ಮನಸ್ಸಿಗೆ ಇಳಿದದ್ದು ಆಫೀಸಿನಲ್ಲಿ. ಗ್ರಾಹಕರು ಬಿಲ್ ತರುತ್ತಾರೆ. ಒಟ್ಟು 1,180 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ. ತೆರಿಗೆ ಎಷ್ಟು? 1,180ಕ್ಕೆ ಶೇ 18 ತೆಗೆದರೆ 212 ರೂಪಾಯಿ ಚಿಲ್ಲರೆ ಬರುತ್ತದೆ. ಅದು ಸರಿಯಲ್ಲ. ತೆರಿಗೆ ಹಾಕಿದ್ದು ಮೂಲ ಬೆಲೆಯ ಮೇಲೆ. ಮೂಲ 100 ಆದರೆ ಬಿಲ್ 118. ಅಂದರೆ ಬಿಲ್ಲಿನ 118 ಪಾಲಿನಲ್ಲಿ 18 ಪಾಲು ತೆರಿಗೆ. 1,180ರಲ್ಲಿ 180 ತೆರಿಗೆ, 1,000 ಮೂಲ ಬೆಲೆ. ದಿನಾ ಮಾಡುವ ಕೆಲಸ ಇದು. ಕ್ಯಾಟ್ ಪುಸ್ತಕದಲ್ಲಿ ‘ಒಂದು ವಸ್ತುವನ್ನು ಶೇ 25 ಲಾಭಕ್ಕೆ 750ಕ್ಕೆ ಮಾರಿದರೆ ಕೊಂಡ ಬೆಲೆ ಎಷ್ಟು’ ಅಂತ ಕೇಳಿದಾಗ ಅದೇ ಬಿಲ್ಲು ಕಣ್ಣಿಗೆ ಬಂತು. 125 ಪಾಲು 750 ಆದರೆ 100 ಪಾಲು 600. ಅಷ್ಟೇ.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡೆ. ಪ್ರಶ್ನೆಯಲ್ಲಿ ಶೇಕಡಾ ಕಂಡ ಕೂಡಲೇ ಪಕ್ಕದಲ್ಲಿ ‘ಯಾವುದರ ಮೇಲೆ?’ ಅಂತ ಸಣ್ಣದಾಗಿ ಉತ್ತರ ಬರೆಯುವುದು. ಕೊಂಡ ಬೆಲೆ ಮೇಲೋ, ಮಾರಿದ ಬೆಲೆ ಮೇಲೋ, ನಮೂದಿಸಿದ ಬೆಲೆ ಮೇಲೋ. ಲಾಭ ಸಾಮಾನ್ಯವಾಗಿ ಕೊಂಡ ಬೆಲೆ ಮೇಲೆ, ರಿಯಾಯಿತಿ ನಮೂದಿಸಿದ ಬೆಲೆ ಮೇಲೆ. ಇದನ್ನು ಬರೆಯಲು ಎರಡು ಸೆಕೆಂಡ್ ಸಾಕು. ಬರೆಯದೆ ಮುಂದೆ ಹೋದರೆ ಪೂರ್ತಿ ಪ್ರಶ್ನೆಯೇ ಕೈ ತಪ್ಪುತ್ತದೆ.

ಚುನಾವಣೆ ಲೆಕ್ಕದಲ್ಲಿ ಈ ಅಭ್ಯಾಸ ತುಂಬ ಉಪಯೋಗಕ್ಕೆ ಬಂತು. ಹೀಗೆ ಕೇಳುತ್ತಾರೆ: ಪಟ್ಟಿಯಲ್ಲಿರುವವರಲ್ಲಿ ಶೇ 20 ಜನ ಮತ ಹಾಕಲಿಲ್ಲ. ಬಿದ್ದ ಮತಗಳಲ್ಲಿ ಶೇ 10 ತಿರಸ್ಕೃತ. ಇಬ್ಬರೇ ಅಭ್ಯರ್ಥಿಗಳು, ಗೆದ್ದವರಿಗೆ ಸರಿಯಾದ ಮತಗಳಲ್ಲಿ ಶೇ 60, ಗೆಲುವಿನ ಅಂತರ 720. ಪಟ್ಟಿಯಲ್ಲಿ ಎಷ್ಟು ಜನ? ಇಲ್ಲಿ ಮೂರು ಶೇಕಡಾ ಇವೆ, ಮೂರೂ ಬೇರೆ ಬೇರೆ ಮೊತ್ತದ ಮೇಲೆ. ಪಟ್ಟಿ 100 ಅಂತ ಇಟ್ಟುಕೊಳ್ಳಿ. ಮತ ಬಿದ್ದದ್ದು 80. ಸರಿಯಾದದ್ದು 80ರಲ್ಲಿ ಶೇ 90, ಅಂದರೆ 72. ಶೇ 60ಕ್ಕೂ ಶೇ 40ಕ್ಕೂ ಅಂತರ ಶೇ 20. 72ರಲ್ಲಿ ಶೇ 20 ಅಂದರೆ 14.4. ಇದು 720 ಆಗಬೇಕಾದರೆ 50 ಪಟ್ಟು. ಪಟ್ಟಿಯಲ್ಲಿ 5,000 ಜನ. ಒಂದು ಉದ್ದನೆಯ ಪಟ್ಟಿ ಎಳೆದು ಅದನ್ನು ಒಳಗೊಳಗೇ ಕತ್ತರಿಸುತ್ತ ಹೋದರೆ ಇಂಗ್ಲಿಷ್ ವಾಕ್ಯ ಎಷ್ಟೇ ಉದ್ದ ಇದ್ದರೂ ಹೆದರಿಕೆ ಆಗುವುದಿಲ್ಲ.

ಮಾರ್ಚ್‌ನಲ್ಲಿ ಊರಿಗೆ ಹೋದೆ. ದ್ರಾಕ್ಷಿ ಕಟಾವಿನ ಕಾಲ. ನಮ್ಮ ಕಡೆ ಬಹಳಷ್ಟು ದ್ರಾಕ್ಷಿ ಹಸಿಯಾಗಿ ಮಾರುಕಟ್ಟೆಗೆ ಹೋಗುವುದಿಲ್ಲ, ಶೆಡ್‌ಗೆ ಹೋಗಿ ಮಣೂಕ, ಅಂದರೆ ಒಣದ್ರಾಕ್ಷಿ, ಆಗುತ್ತದೆ. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲೆಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ನೆರಳಲ್ಲಿ ಹರಡುತ್ತಾರೆ. ಗಾಳಿಗೆ ಒಣಗಲು ಎರಡು ವಾರದ ಮೇಲೇ ಬೇಕು. ಅವತ್ತು ಕಾಕಾ ಕ್ರೇಟ್ ಇಳಿಸುತ್ತಿದ್ದರು, ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಪುಸ್ತಕದಲ್ಲಿ ಇದ್ದದ್ದು ಇದೇ ಲೆಕ್ಕ: ಹಸಿ ಹಣ್ಣಿನಲ್ಲಿ ಶೇ 80 ನೀರು, ಒಣ ಹಣ್ಣಿನಲ್ಲಿ ಶೇ 20 ನೀರು. 4 ಕೆಜಿ ಹಸಿ ಹಣ್ಣಿನಿಂದ ಒಣ ಹಣ್ಣು ಎಷ್ಟು ಬರುತ್ತದೆ?

80ರಲ್ಲಿ 20 ಕಳೆದು, ಶೇ 60 ನೀರು ಹೋಯಿತು, ಉಳಿದದ್ದು ಶೇ 40, ಅಂದರೆ 1.6 ಕೆಜಿ ಅಂತ ಉತ್ತರ ಹುಡುಕಿದರೆ, ಅದೂ ಆಯ್ಕೆಗಳಲ್ಲಿ ಕೊಟ್ಟಿರುತ್ತಾರೆ. ನಾನು ಕಾಕಾನನ್ನು ಕೇಳಿದೆ.

"ನಾಕ ಕಿಲೋ ಹಸಿ ಹಾಕಿದ್ರ ಒಂದ ಕಿಲೋ ಮಣೂಕ ಬರ್ತದ ನೋಡವಾ," ಅಂದರು ಕಾಕಾ, ಕೈಯಲ್ಲಿದ್ದ ಕ್ರೇಟ್ ಇಳಿಸದೆಯೇ. "ಹೋಗೂದು ನೀರಷ್ಟ. ಹಣ್ಣಿನ ಗರ ಎಲ್ಲಿ ಹೋಗ್ತದ?"

ನನಗೆ ಬೇಕಾಗಿದ್ದ ಪಾಠ ಪೂರ್ತಿ ಆ ಮಾತಿನಲ್ಲಿತ್ತು. ನೀರು ಹೋಗುತ್ತದೆ, ಗರ, ಅಂದರೆ ನೀರು ಬಿಟ್ಟು ಉಳಿದ ತಿರುಳು, ಇದ್ದಷ್ಟೇ ಇರುತ್ತದೆ. 4 ಕೆಜಿ ಹಸಿ ಹಣ್ಣಿನಲ್ಲಿ ಗರ ಶೇ 20, ಅಂದರೆ 800 ಗ್ರಾಂ. ಒಣಗಿದ ಮೇಲೂ ಅದೇ 800 ಗ್ರಾಂ. ಆದರೆ ಈಗ ಅದು ಒಣ ಹಣ್ಣಿನ ಶೇ 80. 800 ಗ್ರಾಂ ಶೇ 80 ಆದರೆ ಪೂರ್ತಿ ತೂಕ 1 ಕೆಜಿ. ನೀರನ್ನು ಹಿಡಿದು ಹೋದರೆ ಎರಡು ಬೇರೆ ಬೇರೆ ತೂಕದ ಮೇಲಿನ ಶೇಕಡಾವನ್ನು ಕಳೆದಂತಾಗುತ್ತದೆ. ಗರವನ್ನು ಹಿಡಿದರೆ ಎರಡೇ ಸಾಲು.

ಹಾಗಾಗಿ ‘ಯಾವುದರ ಮೇಲೆ?’ ಜೊತೆಗೆ ಎರಡನೇ ಪ್ರಶ್ನೆ ಸೇರಿಕೊಂಡಿತು: ‘ಇಲ್ಲಿ ಏನು ಬದಲಾಗಿಲ್ಲ?’ ಈ ಎರಡು ಪ್ರಶ್ನೆಗಳ ಮುಂದೆ ತರಗತಿಯಲ್ಲಿ ಕೊಟ್ಟ ಒಂದು ಪುಟ ಸೂತ್ರ ನನಗೆ ಬೇಕಾಗಲೇ ಇಲ್ಲ. ಇದು ನನ್ನ ಗಟ್ಟಿ ನಂಬಿಕೆ, ಬೇರೆಯವರು ಬೇರೆ ಹೇಳಬಹುದು.

ಅನುಪಾತದ ಲೆಕ್ಕದಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ಒಂದು ತರಗತಿಯಲ್ಲಿ ಶೇ 37.5 ಹುಡುಗಿಯರು. ಇನ್ನೂ ಮೂವರು ಹುಡುಗಿಯರು ಸೇರಿದ ಮೇಲೆ ಶೇ 40 ಆಯಿತು. ಮೊದಲು ಎಷ್ಟು ಜನ ಇದ್ದರು? ಶೇ 37.5 ಅಂದರೆ 8ರಲ್ಲಿ 3. ಹುಡುಗರು-ಹುಡುಗಿಯರು 5:3. ಆಮೇಲೆ ಶೇ 40, ಅಂದರೆ 3:2. ಬದಲಾಗದವರು ಯಾರು? ಹುಡುಗರು. ಎರಡೂ ಕಡೆ ಹುಡುಗರ ಪಾಲು ಒಂದೇ ಮಾಡಿ. 5:3 ಅನ್ನು 15:9 ಅನ್ನಿ, 3:2 ಅನ್ನು 15:10 ಅನ್ನಿ. ಹುಡುಗಿಯರ ಪಾಲು 9ರಿಂದ 10 ಆಯಿತು. ಹೆಚ್ಚಾದ ಆ ಒಂದು ಪಾಲು ಅಂದರೆ ಮೂವರು. ಮೊದಲಿದ್ದದ್ದು 24 ಪಾಲು, 72 ಜನ. ಬೇಕಾದರೆ ತಾಳೆ ನೋಡಿ: 27 ಹುಡುಗಿಯರು 30 ಆದರು, ಒಟ್ಟು 75, ಸರಿಯಾಗಿ ಶೇ 40. ಸಮೀಕರಣ ಬರೆದರೂ ಇದೇ ಉತ್ತರ ಬರುತ್ತದೆ, ಆದರೆ ಸಮಯ ಜಾಸ್ತಿ ಹಿಡಿಯುತ್ತದೆ.

ಮೇಲಿನ ಲೆಕ್ಕದಲ್ಲಿ 37.5 ಅನ್ನು 3/8 ಅಂತ ಕೂಡಲೇ ಗುರುತಿಸಿದ್ದು ಗಮನಿಸಿದಿರಾ? ಅದನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿ ಇಲ್ಲ. ಶೇ 12.5 ಅಂದರೆ 1/8, ಶೇ 16.67 ಅಂದರೆ 1/6, ಶೇ 14.29 ಅಂದರೆ 1/7, ಶೇ 11.11 ಅಂದರೆ 1/9, ಶೇ 6.25 ಅಂದರೆ 1/16. ನಮ್ಮ ಅಜ್ಜಿಗೆ ಕೊನೆಯದು ಪುಸ್ತಕ ಇಲ್ಲದೆ ಗೊತ್ತು, ರೂಪಾಯಿಗೆ ಹದಿನಾರಾಣೆ ಲೆಕ್ಕದಲ್ಲಿ ಬೆಳೆದವರು. ಎರಡಾಣೆ ಪಾಲು ಅಂದರೆ ಶೇ 12.5 ಅಂತ ನಾನು ಹೇಳಿದಾಗ, ಅದಕ್ಕೆ ಇಷ್ಟು ಓದಬೇಕಾ ಅಂತ ಕೇಳಿದರು. ಈ ಭಿನ್ನರಾಶಿಗಳ ಇನ್ನೊಂದು ಉಪಯೋಗ ಇದೆ. ತರಗತಿಯಲ್ಲಿ ಶೇ 37.5 ಅಂದ ಮೇಲೆ ಒಟ್ಟು ಸಂಖ್ಯೆ 8ರ ಮಗ್ಗಿಯಲ್ಲೇ ಇರಬೇಕು, ಜನರನ್ನು ಅರ್ಧ ಮಾಡಲು ಬರುವುದಿಲ್ಲವಲ್ಲ. ಆಯ್ಕೆಗಳು ಕೊಟ್ಟಿದ್ದರೆ 8ರಿಂದ ಭಾಗವಾಗದ್ದನ್ನು ಲೆಕ್ಕ ಮಾಡದೆಯೇ ತೆಗೆದುಹಾಕಬಹುದು.

ಬೆಲೆ ಏರಿದಾಗ ಬಳಕೆ ಎಷ್ಟು ಇಳಿಸಬೇಕು ಅನ್ನುವ ಲೆಕ್ಕವೂ ಹೀಗೇ. ಕಾಫಿಪುಡಿ ಶೇ 25 ಏರಿತು, ಖರ್ಚು ಅಷ್ಟೇ ಇರಬೇಕು. ಬದಲಾಗದ್ದು ಖರ್ಚು. ಬೆಲೆ 4 ಇದ್ದದ್ದು 5 ಆಯಿತು, ಬಳಕೆ 5 ಇದ್ದದ್ದು 4 ಆಗಬೇಕು. ಐದರಲ್ಲಿ ಒಂದು ಕಡಿಮೆ, ಶೇ 20. ಏರಿದ್ದು ಶೇ 25, ಇಳಿಸಬೇಕಾದ್ದು ಶೇ 20, ಯಾಕೆಂದರೆ ಎರಡನೆಯದನ್ನು ಲೆಕ್ಕ ಹಾಕುವ ಮೊತ್ತ ಬೇರೆ. ಶೇ 20 ಏರಿಸಿ ಶೇ 20 ಇಳಿಸಿದರೆ ಮೊದಲಿನ ಬೆಲೆ ಬರುವುದಿಲ್ಲ, 100 ಇದ್ದದ್ದು 120 ಆಗಿ 96ಕ್ಕೆ ನಿಲ್ಲುತ್ತದೆ. ಇದೂ ಅದೇ ಕಾರಣಕ್ಕೆ.

ಹಾಲು-ನೀರಿನ ಲೆಕ್ಕದ ಮುಂದೆ ಮಾತ್ರ ಬಹಳ ದಿನ ಕೂತೆ. 40 ಲೀಟರ್ ಹಾಲಿನಿಂದ 4 ಲೀಟರ್ ತೆಗೆದು ಅಷ್ಟೇ ನೀರು ಹಾಕುವುದು, ಹೀಗೆ ಮೂರು ಸಲ. ಎರಡನೇ ಸಲ ತೆಗೆಯುವಾಗ ಬರುವುದು ಬರೀ ಹಾಲಲ್ಲ, ಮಿಶ್ರಣ. ಅದರಲ್ಲಿ ಹಾಲು ಎಷ್ಟು, ನೀರು ಎಷ್ಟು ಅಂತ ಬಿಡಿಸುತ್ತ ಕೂತರೆ ಮುಗಿಯುವುದೇ ಇಲ್ಲ. ಪ್ರತಿ ಸಲವೂ ಪಾತ್ರೆಯಲ್ಲಿರುವುದರ ಹತ್ತನೇ ಒಂದು ಭಾಗ ಹೋಗುತ್ತದೆ, ಹಾಗಾಗಿ ಹಾಲಿನಲ್ಲೂ ಹತ್ತನೇ ಒಂದು ಭಾಗ ಹೋಗುತ್ತದೆ ಅಂತ ಹೊಳೆದ ಮೇಲೆ ಹಗುರಾಯಿತು. 40, 36, 32.4, 29.16. ಉಳಿದ ಹಾಲು 29.16 ಲೀಟರ್. ನೀರಿನ ಕಡೆ ನೋಡಲೇಬೇಡಿ.

ಆಗಸ್ಟ್‌ನಲ್ಲಿ ಅರ್ಜಿ ತೆರೆಯಿತು. 2024ರ ಪರೀಕ್ಷೆ ನಡೆಸಿದ್ದು ಐಐಎಂ ಕಲ್ಕತ್ತಾ. ಆ ವರ್ಷ ಶುಲ್ಕ 2,500 ರೂಪಾಯಿ ಇತ್ತು, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ 1,250. ಹಿಂದುಳಿದ ವರ್ಗದವರಿಗೆ ಶುಲ್ಕದಲ್ಲಿ ರಿಯಾಯಿತಿ ಇಲ್ಲ, ಸೀಟಿನಲ್ಲಿ ಮೀಸಲಾತಿ ಇದೆ. ಇಲ್ಲಿ ನಮ್ಮ ರಾಜ್ಯದವರು ಒಂದು ವಿಷಯ ತಿಳಿದಿರಬೇಕು. 2ಎ, 3ಬಿ ಅಂತ ನಮ್ಮ ಕೈಯಲ್ಲಿ ಇರುವ ಜಾತಿ ಪ್ರಮಾಣಪತ್ರ ಐಐಎಂಗೆ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇರಬೇಕು. ಕೆನೆಪದರಕ್ಕೆ ಸೇರಿಲ್ಲ ಅನ್ನುವ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ, ತಹಶೀಲ್ದಾರ್ ಅಥವಾ ಅವರಿಗಿಂತ ಮೇಲಿನ ಅಧಿಕಾರಿಯ ಸಹಿಯಲ್ಲಿ ಬೇಕು. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಜಾತಿಗಳೂ ಇವೆ, ಮೊದಲೇ ನೋಡಿಕೊಳ್ಳಿ. ನನ್ನದು ಕೈಗೆ ಬರುವಷ್ಟರಲ್ಲಿ ಅರ್ಜಿಯ ಕೊನೆ ದಿನ ಹತ್ತಿರ ಬಂದಿತ್ತು. ಆ ವಾರ ಪುಸ್ತಕ ತೆರೆಯಲೂ ಮನಸ್ಸಾಗಲಿಲ್ಲ. ಜೂನ್‌ನಲ್ಲೇ ನಾಡಕಚೇರಿಗೆ ಅರ್ಜಿ ಹಾಕಿಬಿಟ್ಟರೆ ಈ ಸಂಕಟ ಇರುವುದಿಲ್ಲ.

ಸೆಪ್ಟೆಂಬರ್‌ನಿಂದ ಮಾಕ್ ಟೆಸ್ಟ್, ಅಂದರೆ ಅಣಕು ಪರೀಕ್ಷೆ. ಒಂದು ಸರಣಿಗೆ ದುಡ್ಡು ಕೊಟ್ಟೆ. ಅಧಿಕೃತ ಜಾಲತಾಣದಲ್ಲಿ ಉಚಿತ ಮಾಕ್ ಸಿಗುತ್ತದೆ, ಪರದೆ ಹೇಗಿರುತ್ತದೆ ಅಂತ ತಿಳಿಯಲು ಅದು ಸಾಕು. ಮೊದಲ ಮಾಕ್‌ಗಳಲ್ಲಿ ಅಂಕ ಕೆಳಗೇ ಇತ್ತು. ಗಣಿತಕ್ಕೆ 40 ನಿಮಿಷ, 22 ಪ್ರಶ್ನೆ. ಒಂದಕ್ಕೆ ಎರಡು ನಿಮಿಷವೂ ಪೂರ್ತಿ ಸಿಗುವುದಿಲ್ಲ. ಅದೂ ಗಣಿತ ಬರುವುದು ಇಂಗ್ಲಿಷ್ ಓದು ಮತ್ತು ತರ್ಕದ ಭಾಗಗಳು ಮುಗಿದ ಮೇಲೆ, ತಲೆ ದಣಿದಿರುವಾಗ. ಒಂದು ಭಾಗದ ಸಮಯ ಉಳಿಸಿ ಇನ್ನೊಂದಕ್ಕೆ ಹಾಕಲು ಬಿಡುವುದಿಲ್ಲ. ಸರಿ ಉತ್ತರಕ್ಕೆ 3 ಅಂಕ, ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಾದರೆ 1 ಅಂಕ ಕಡಿತ. ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತ ಇಲ್ಲ, ಹಾಗಾಗಿ ಅವನ್ನು ಖಾಲಿ ಬಿಡಬೇಡಿ. ಪರದೆ ಮೇಲೆ ಕ್ಯಾಲ್ಕುಲೇಟರ್ ಇದೆ, ಆದರೆ ಮೌಸ್‌ನಿಂದ ಒಂದೊಂದೇ ಅಂಕಿ ಒತ್ತಬೇಕು. ಭಿನ್ನರಾಶಿ ಬಾಯಿಗೆ ಬಂದವರಿಗೆ ಅದು ಅಷ್ಟಾಗಿ ಬೇಕಾಗುವುದಿಲ್ಲ.

ನಾನು ಮಾಡಿಕೊಂಡ ಕ್ರಮ ಹೀಗಿತ್ತು. ಮೊದಲ ಏಳೆಂಟು ನಿಮಿಷದಲ್ಲಿ ಎಲ್ಲ ಪ್ರಶ್ನೆಗಳ ಮೇಲೂ ಕಣ್ಣಾಡಿಸಿ, ಅಂಕಗಣಿತದವನ್ನು ಗುರುತು ಮಾಡಿಕೊಳ್ಳುವುದು. ಅವುಗಳಲ್ಲಿ ಮೊದಲು ಚಿಕ್ಕವು, ಆಮೇಲೆ ಉದ್ದದವು. ಒಂದು ಪ್ರಶ್ನೆ ಮೂರು ನಿಮಿಷ ದಾಟಿದರೆ ಬಿಡುವುದು. ಬಿಡುವುದೇ ಎಲ್ಲಕ್ಕಿಂತ ಕಷ್ಟ. ಅರ್ಧ ಬಿಡಿಸಿದ ಲೆಕ್ಕ ಬಿಟ್ಟು ಬರಲು ಮನಸ್ಸು ಕೇಳುವುದಿಲ್ಲ. ಅದಕ್ಕೂ ಅಭ್ಯಾಸ ಬೇಕು.

ಪ್ರವೇಶಪತ್ರ ನವೆಂಬರ್ 5ಕ್ಕೆ ಬಂತು. ನನಗೆ ಸಿಕ್ಕಿದ್ದು ಹುಬ್ಬಳ್ಳಿ, ಬೆಳಗಿನ ಪಾಳಿ, ಎಂಟೂವರೆಗೆ ಶುರು. ಹಿಂದಿನ ದಿನವೇ ಬಸ್ಸಿಗೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಪರೀಕ್ಷಾ ಕೇಂದ್ರ ಊರ ಹೊರಗಿತ್ತು. ನವೆಂಬರ್ 24 ಭಾನುವಾರ, ಬೆಳಗ್ಗೆ ಆರಕ್ಕೆ ಆಟೊ ಹುಡುಕುವುದೇ ಒಂದು ಕೆಲಸವಾಯಿತು. ನೀವು ಹಿಂದಿನ ರಾತ್ರಿಯೇ ಆಟೊದವರಿಗೆ ಹೇಳಿಟ್ಟುಕೊಳ್ಳಿ. ಫೋಟೊ ಅಂಟಿಸಿದ ಪ್ರವೇಶಪತ್ರ ಮತ್ತು ಮೂಲ ಗುರುತಿನ ಚೀಟಿ ಬಿಟ್ಟು ಬೇರೇನೂ ಒಳಗೆ ಬಿಡುವುದಿಲ್ಲ. ಪೆನ್ನು, ಬರೆಯಲು ಹಾಳೆ ಅವರೇ ಕೊಡುತ್ತಾರೆ. ಕೈಗಡಿಯಾರ ಇಲ್ಲ, ಸಮಯ ಪರದೆ ಮೇಲೇ ಕಾಣುತ್ತದೆ.

ತರ್ಕದ ಭಾಗ ಅವತ್ತು ನನ್ನನ್ನು ಹಿಂಡಿಹಾಕಿತು. ಗಣಿತ ತೆರೆದಾಗ ಕೈ ತಣ್ಣಗಾಗಿತ್ತು. ಒಂದು ಮಿಶ್ರಣದ ಪ್ರಶ್ನೆ ಕಂಡಿತು. ಹಾಳೆಯ ಮೇಲೆ ‘ಯಾವುದರ ಮೇಲೆ? ಏನು ಬದಲಾಗಿಲ್ಲ?’ ಅಂತ ಕನ್ನಡದಲ್ಲೇ ಬರೆದೆ. ಒಂದು ನಿಮಿಷದೊಳಗೆ ಉತ್ತರ ಬಂತು. ಆಮೇಲೆ ಕೈ ನಿಲ್ಲಲಿಲ್ಲ.

ಕೆಲವು ದಿನ ಬಿಟ್ಟು ನಮ್ಮ ನಮ್ಮ ಉತ್ತರಗಳ ಪ್ರತಿ, ಆಮೇಲೆ ತಾತ್ಕಾಲಿಕ ಕೀ ಉತ್ತರ ಬಂದವು. ಕೂತು ತಾಳೆ ನೋಡಿದರೆ ಅಂಕ ತಿಳಿಯುತ್ತದೆ, ಆದರೆ ಪರ್ಸೆಂಟೈಲ್ ತಿಳಿಯುವುದಿಲ್ಲ. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. 90 ಪರ್ಸೆಂಟೈಲ್ ಅಂದರೆ ನೂರಕ್ಕೆ 90 ಅಂಕ ಅಲ್ಲ. ಬರೆದವರಲ್ಲಿ ಸುಮಾರು ಶೇ 90 ಜನರಿಗಿಂತ ಮುಂದೆ ಇದ್ದೇವೆ ಅಂತ. ಮೂರು ಪಾಳಿಯ ಪ್ರಶ್ನೆಪತ್ರಿಕೆ ಬೇರೆ ಬೇರೆ ಇರುವುದರಿಂದ ಅಂಕಗಳನ್ನು ಸಮ ಮಾಡಿ ಆಮೇಲೆ ಈ ಲೆಕ್ಕ ಹಾಕುತ್ತಾರೆ. ಇಲ್ಲೂ ಕೇಳಬೇಕಾದದ್ದು ಅದೇ ಪ್ರಶ್ನೆ, ಯಾವುದರ ಮೇಲೆ ಶೇಕಡಾ ಅಂತ. ಅಪ್ಪನಿಗೆ ಹೀಗೇ ಹೇಳಿದೆ, ಕೂಡಲೇ ಅರ್ಥವಾಯಿತು.

ಗಣಿತದಲ್ಲಿ ನನಗೆ 90 ದಾಟಿತು. ತರ್ಕದಲ್ಲಿ ಅದಕ್ಕಿಂತ ಕಡಿಮೆ. ಐಐಎಂಗಳು ಒಟ್ಟು ಪರ್ಸೆಂಟೈಲ್ ಜೊತೆಗೆ ಪ್ರತಿ ಭಾಗಕ್ಕೂ ಕನಿಷ್ಠ ಮಿತಿ ಇಡುತ್ತವೆ. ಹಾಗಾಗಿ ಹಳೆಯ ದೊಡ್ಡ ಐಐಎಂಗಳ ಆಸೆ ನನಗಿಲ್ಲ. ಹೊಸ ಐಐಎಂಗಳು ಕೆಲವು ಸೇರಿ ಒಂದೇ ಸಂದರ್ಶನ ನಡೆಸುತ್ತವೆ, ಅದರ ಕರೆಗೆ ಕಾಯುತ್ತಿದ್ದೇನೆ. ಈ ಮಧ್ಯೆ ನಮ್ಮ ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿಯನ್ನೂ ಬರೆಯುತ್ತೇನೆ. ಅದರ ಎಂಬಿಎ ಪತ್ರಿಕೆಯಲ್ಲೂ ಶೇಕಡಾ, ಅನುಪಾತದ ಲೆಕ್ಕ ಇದ್ದೇ ಇರುತ್ತವೆ. ಬೇರೆ ಓದೇನೂ ಬೇಡ, ಅದೇ ಟಿಪ್ಪಣಿ ಪುಸ್ತಕ ಸಾಕು. ಒಬಿಸಿ ಪ್ರಮಾಣಪತ್ರದ ಮೂಲ ಪ್ರತಿ, ಪದವಿಯ ಅಂಕಪಟ್ಟಿಗಳು, ಆಫೀಸಿನ ಅನುಭವ ಪತ್ರ, ಮೂರನ್ನೂ ಒಂದು ಫೈಲಿನಲ್ಲಿ ಹಾಕಿಟ್ಟಿದ್ದೇನೆ. ಅನುಭವ ಪತ್ರದಲ್ಲಿ ಕೆಲಸಕ್ಕೆ ಸೇರಿದ ದಿನಾಂಕ ಇರಲೇಬೇಕು. ನಿಮ್ಮದರಲ್ಲಿ ಅದು ಇಲ್ಲದಿದ್ದರೆ ಈಗಲೇ ಬರೆಸಿಕೊಳ್ಳಿ.